ಬದಲಿ ಒಪ್ಪುವ ಜಾಗ, ಒಪ್ಪದ ಜಾಗ: ಸಣ್ಣ ತಯಾರಕರು ಅನಲಾಗ್ ಬಿಡಿಭಾಗ ಆರಿಸುವ ಬಗೆ

ಬೋರ್‌ವೆಲ್ ಪಂಪಿನ ಸ್ಟಾರ್ಟರ್ ಪ್ಯಾನೆಲ್, ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಕಾಣುವ ಎಲೆಕ್ಟ್ರಾನಿಕ್ ತೂಕದ ಯಂತ್ರ, ಸಕ್ಕರೆ ಕಾರ್ಖಾನೆಯ ತಾಪಮಾನ ಸೂಚಕ, ವಿಜಯಪುರದ ಒಣದ್ರಾಕ್ಷಿಯ ಶೀತಲಗೃಹದಲ್ಲಿ ಉಷ್ಣಾಂಶ ದಾಖಲಿಸುವ ಪುಟ್ಟ ಪೆಟ್ಟಿಗೆ, ಇವೆಲ್ಲದರೊಳಗೂ ಒಂದು ಮೈಕ್ರೋಕಂಟ್ರೋಲರ್ (ಕೆಲಸವನ್ನೆಲ್ಲ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್ ಚಿಪ್) ಇರುತ್ತದೆ ಮತ್ತು ಅದರ ಸುತ್ತ ವೋಲ್ಟೇಜು, ಕರೆಂಟುಗಳನ್ನು ಅಳೆಯುವ, ಹಿಗ್ಗಿಸುವ, ಹದಗೊಳಿಸುವ ಹತ್ತಾರು ಅನಲಾಗ್ ಬಿಡಿಭಾಗಗಳಿರುತ್ತವೆ. ಬೆಳಗಾವಿಯ ಉದ್ಯಮಬಾಗ, ಮಚ್ಚೆ, ಹೊನಗಾ ಕಡೆಯ ಸಣ್ಣ ಘಟಕಗಳಲ್ಲಿ ಇಂಥ ಬೋರ್ಡು ಮಾಡುವವರು ಮೈಕ್ರೋಕಂಟ್ರೋಲರ್ ಯಾವುದಿರಬೇಕೆಂದು ವಾರಗಟ್ಟಲೆ ಚರ್ಚಿಸುತ್ತಾರೆ. ಓಪ್‌ಆ್ಯಂಪ್ (ಸಣ್ಣ ಸಿಗ್ನಲನ್ನು ಹಿಗ್ಗಿಸುವ ಚಿಪ್), ರೆಗ್ಯುಲೇಟರ್ (ವೋಲ್ಟೇಜನ್ನು ಸ್ಥಿರವಾಗಿಡುವುದು), ಎಡಿಸಿ (ಸಿಗ್ನಲನ್ನು ಅಂಕಿಗೆ ಬದಲಿಸುವುದು) ಇವುಗಳ ಸರದಿ ಬಂದಾಗ ಮಾತ್ರ ಕಳೆದ ಬಾರಿ ಹಾಕಿದ್ದನ್ನೇ ಹಾಕುತ್ತಾರೆ, ಇಲ್ಲವೇ ಅಂಗಡಿಯಲ್ಲಿ ಅಗ್ಗವಾಗಿ ಸಿಕ್ಕಿದ್ದನ್ನು ತರುತ್ತಾರೆ. ಬೋರ್ಡು ಹೊಲದಲ್ಲಿ ಕೆಟ್ಟು ವಾಪಸು ಬಂದಾಗ, ಅಥವಾ ಆರ್ಡರು ಕೈಯಲ್ಲಿದ್ದು ಮಾಲು ಸಿಗದೇ ಹೋದಾಗ, ಕಾರಣ ಬಹುತೇಕ ಈ ಕಡೆಗಣಿಸಿದ ಭಾಗಗಳಲ್ಲೇ ಸಿಗುತ್ತದೆ.

ಆಯ್ಕೆಗೆ ನಾನು ಇಟ್ಟುಕೊಂಡಿರುವ ಅಳತೆಗೋಲು ಒಂದೇ. ಬೋರ್ಡಿನ ಪ್ರತಿಯೊಂದು ಅನಲಾಗ್ ಭಾಗದ ಮುಂದೆ, ಈ ಜಾಗದಲ್ಲಿ ಬೇರೆ ಕಂಪನಿಯ ಐಸಿ (ಚಿಪ್) ಕೂರಿಸಿದರೆ ಗ್ರಾಹಕನಿಗೆ ವ್ಯತ್ಯಾಸ ಗೊತ್ತಾಗುತ್ತದೆಯೇ ಎಂದು ಕೇಳಿಕೊಳ್ಳಬೇಕು. ಗೊತ್ತಾಗದಿದ್ದರೆ ಅದು ಬದಲಿ ಒಪ್ಪುವ ಜಾಗ. ಅಲ್ಲಿ ಹಲವು ಕಂಪನಿಗಳು ಒಂದೇ ಪಿನ್ ಜೋಡಣೆಯಲ್ಲಿ ತಯಾರಿಸುವ ಸಾಮಾನ್ಯ ಐಸಿಯನ್ನೇ ಹಾಕಬೇಕು. ಗೊತ್ತಾಗುವಂತಿದ್ದರೆ ಅದು ಬದಲಿ ಒಪ್ಪದ ಜಾಗ. ಅಲ್ಲಿ ಹಣ ಹೆಚ್ಚು ಕೊಡಬೇಕು, ಅಧಿಕೃತ ವಿತರಕರಿಂದಲೇ ಕೊಳ್ಳಬೇಕು, ದಾಸ್ತಾನನ್ನೂ ಇಡಬೇಕು. ಕಳೆದ ನಾಲ್ಕೈದು ವರ್ಷಗಳ ಮಾರುಕಟ್ಟೆಯ ಏರಿಳಿತವನ್ನು ನೋಡಿದರೆ ಈ ವಿಂಗಡಣೆ ಮಾಡದೆ ಬೋರ್ಡು ವಿನ್ಯಾಸ ಮಾಡುವುದು ಸಣ್ಣ ಘಟಕಕ್ಕೆ ಸರಿಯಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಮಾರುಕಟ್ಟೆ ನಡೆದು ಬಂದ ದಾರಿ

2021 ಮತ್ತು 2022ರಲ್ಲಿ ಅನಲಾಗ್ ಐಸಿಗಳ ಕೊರತೆ ಎಷ್ಟಿತ್ತೆಂದರೆ ಕೆಲವು ವಿದ್ಯುತ್ ನಿರ್ವಹಣಾ ಐಸಿಗಳಿಗೆ ಒಂದು ವರ್ಷ ಕಾಯಬೇಕಾಗುತ್ತಿತ್ತು. ಚಿಪ್ ಮಾರಾಟದ ಲೆಕ್ಕವಿಡುವ ಡಬ್ಲ್ಯೂಎಸ್‌ಟಿಎಸ್ ಸಂಸ್ಥೆಯ ಅಂಕಿಅಂಶದಂತೆ 2022ರಲ್ಲಿ ಜಗತ್ತಿನ ಅನಲಾಗ್ ಮಾರುಕಟ್ಟೆ ಸುಮಾರು 8,900 ಕೋಟಿ ಡಾಲರಿಗೆ ಏರಿತು. ಕೊರತೆಯ ಹೆದರಿಕೆಯಿಂದ ಎಲ್ಲರೂ ಎರಡು ಮೂರು ಪಟ್ಟು ಆರ್ಡರು ಹಾಕಿದ್ದರ ಫಲವಾಗಿ ಗೋದಾಮುಗಳು ತುಂಬಿದವು. 2023ರಲ್ಲಿ ಮಾರುಕಟ್ಟೆ ಸುಮಾರು 8,120 ಕೋಟಿಗೂ 2024ರಲ್ಲಿ ಸುಮಾರು 7,960 ಕೋಟಿಗೂ ಇಳಿಯಿತು. ಈ ಕ್ಷೇತ್ರದ ಅತಿ ದೊಡ್ಡ ಕಂಪನಿಯಾದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಒಟ್ಟು ವರಮಾನವೇ 2022ರಲ್ಲಿ 2,003 ಕೋಟಿ ಡಾಲರ್ ಇದ್ದದ್ದು 2024ರಲ್ಲಿ 1,564 ಕೋಟಿಗೆ ಬಂತು. ಇಳಿತದ ಈ ಕಾಲದಲ್ಲಿಯೂ ಆ ಕಂಪನಿ ಹೊಸ ಫ್ಯಾಬ್ (ಚಿಪ್ ತಯಾರಿಸುವ ಕಾರ್ಖಾನೆ) ಕಟ್ಟುವುದನ್ನು ನಿಲ್ಲಿಸಲಿಲ್ಲ. ಇಳಿತಕ್ಕೆ ಮೊದಲೇ, 2021ರಲ್ಲಿ, ಯೂಟಾ ರಾಜ್ಯದ ಲೀಹೈಯಲ್ಲಿ ಮೈಕ್ರಾನ್‌ನ ಫ್ಯಾಬನ್ನು 90 ಕೋಟಿ ಡಾಲರಿಗೆ ಕೊಂಡಿತ್ತು, ಟೆಕ್ಸಾಸಿನ ಶರ್ಮನ್‌ನಲ್ಲಿ ಹೊಸ ಫ್ಯಾಬ್‌ಗಳಿಗೆ ಕೈಹಾಕಿತ್ತು. ಇವೆಲ್ಲ 300 ಮಿಲಿಮೀಟರ್ ಅಗಲದ ವೇಫರ್ (ಚಿಪ್‌ಗಳನ್ನು ಮೂಡಿಸುವ ಸಿಲಿಕಾನ್ ಬಿಲ್ಲೆ) ಬಳಸುವಂಥವು. 200 ಮಿಲಿಮೀಟರ್ ವೇಫರಿಗೆ ಹೋಲಿಸಿದರೆ ಇದರ ವಿಸ್ತೀರ್ಣ ಎರಡೂಕಾಲು ಪಟ್ಟು. ಒಂದೇ ಸುತ್ತಿನ ಕೆಲಸದಲ್ಲಿ ಅಷ್ಟು ಹೆಚ್ಚು ಚಿಪ್ ಹೊರಬರುವುದರಿಂದ ಒಂದೊಂದರ ವೆಚ್ಚ ತಗ್ಗುತ್ತದೆ.

ಇದರ ಇನ್ನೊಂದು ಮುಖವನ್ನು ನಮ್ಮವರು ಗಮನಿಸಬೇಕು. ಅದೇ ಕಂಪನಿ ತನ್ನ ಹಳೆಯ 150 ಮಿಲಿಮೀಟರ್ ಫ್ಯಾಬ್‌ಗಳನ್ನು ಮುಚ್ಚುವುದಾಗಿ 2020ರಲ್ಲೇ ಪ್ರಕಟಿಸಿತ್ತು. ತೈವಾನಿನ ಚಿಪ್ ತಯಾರಕ ಟಿಎಸ್‌ಎಂಸಿ ಕೂಡ 6 ಇಂಚಿನ, ಅಂದರೆ ಅದೇ 150 ಮಿಲಿಮೀಟರಿನ, ವೇಫರ್ ತಯಾರಿಕೆಯಿಂದ ಹಂತಹಂತವಾಗಿ ಹೊರಬರುವುದಾಗಿ 2025ರಲ್ಲಿ ಹೇಳಿತು. ಮೂವತ್ತು ನಲವತ್ತು ವರ್ಷ ಹಳೆಯ ವಿನ್ಯಾಸದ ಐಸಿಗಳು ಬರುತ್ತಿದ್ದುದು ಇಂಥ ಹಳೆಯ ಫ್ಯಾಬ್‌ಗಳಿಂದಲೇ. ಅವುಗಳಲ್ಲಿ ಬೇಡಿಕೆ ಇರುವಂಥವು ಹೊಸ ಫ್ಯಾಬಿಗೆ ಸ್ಥಳಾಂತರವಾಗುತ್ತವೆ, ಉಳಿದವಕ್ಕೆ ಕೊನೆಯ ಖರೀದಿಯ ನೋಟಿಸು ಬರುತ್ತದೆ. ಅಂಗಡಿಯಿಂದ ಬಿಡಿಯಾಗಿ ಕೊಳ್ಳುವವರಿಗೆ ಆ ನೋಟಿಸು ತಲುಪುವುದೇ ಇಲ್ಲ, ಒಂದು ದಿನ ಮಾಲು ಸಿಗದೆ ಹೋದಾಗಲೇ ವಿಷಯ ತಿಳಿಯುತ್ತದೆ.

ಕಂಪನಿಗಳು ಒಂದರೊಳಗೊಂದು ಸೇರಿಹೋದದ್ದೂ ಆಯ್ಕೆಯ ಮೇಲೆ ಪರಿಣಾಮ ಬೀರಿದೆ. ನ್ಯಾಷನಲ್ ಸೆಮಿಕಂಡಕ್ಟರ್ 2011ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ಗೆ ಸೇರಿತು. ಲೀನಿಯರ್ ಟೆಕ್ನಾಲಜಿ 2017ರಲ್ಲಿ, ಮ್ಯಾಕ್ಸಿಂ 2021ರಲ್ಲಿ ಅನಲಾಗ್ ಡಿವೈಸಸ್‌ನ ಪಾಲಾದವು. ಮೊದಲು ಮೂರು ಬಾಗಿಲುಗಳಲ್ಲಿ ದರ ಕೇಳುವುದಿತ್ತು, ಈಗ ಬಾಗಿಲು ಒಂದೇ. ವಿಶೇಷ ಗುಣದ ಐಸಿಗಳ ಬೆಲೆ ಬಿಗಿಯಾಗಿ ನಿಂತಿರುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಅಭಿಪ್ರಾಯ. ಸಾಮಾನ್ಯ ಐಸಿಗಳ ಕತೆ ಇದಕ್ಕೆ ವಿರುದ್ಧ. ಚೀನಾದಲ್ಲಿ ಹಳೆಯ ತಂತ್ರಜ್ಞಾನದ ಫ್ಯಾಬ್‌ಗಳು ಸಾಲಾಗಿ ಬಂದಿರುವುದರಿಂದ ಅಲ್ಲಿ ಸ್ಪರ್ಧೆ ತೀವ್ರವಾಗಿ ಬೆಲೆ ಕುಸಿದಿದೆ. 2025ರ ಸೆಪ್ಟೆಂಬರಿನಲ್ಲಿ ಚೀನಾ ಸರ್ಕಾರ ಅಮೆರಿಕದ ಇಂಟರ್‌ಫೇಸ್ ಮತ್ತು ಗೇಟ್ ಡ್ರೈವರ್ ಐಸಿಗಳ ಮೇಲೆ ಸುರಿ ದರದ (ಡಂಪಿಂಗ್) ತನಿಖೆ ಆರಂಭಿಸಿತು. ಅಮೆರಿಕದ ಕಂಪನಿಗಳೇ ದರ ಅತಿಯಾಗಿ ಇಳಿಸಿವೆ ಎಂಬುದು ಅಲ್ಲಿನ ತಯಾರಕರ ದೂರಾಗಿತ್ತು.

ಓಪ್‌ಆ್ಯಂಪ್: ಒಂದೇ ಐಸಿ ಒಂದೆಡೆ ಸರಿ, ಇನ್ನೊಂದೆಡೆ ತಪ್ಪು

ನ್ಯಾಷನಲ್ ಸೆಮಿಕಂಡಕ್ಟರ್ 1970ರ ದಶಕದಲ್ಲಿ ತಂದ ಎಲ್‌ಎಂ358 ಇಂದಿಗೂ ನಮ್ಮ ಬೋರ್ಡುಗಳ ಮುಖ್ಯ ಓಪ್‌ಆ್ಯಂಪ್. 3ರಿಂದ 32 ವೋಲ್ಟ್‌ವರೆಗೆ ನಡೆಯುತ್ತದೆ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್, ಎಸ್‌ಟಿ, ಆನ್‌ಸೆಮಿ, ಡಯೋಡ್ಸ್ ಮೊದಲಾದ ಕಂಪನಿಗಳಲ್ಲದೆ ಚೀನಾ, ತೈವಾನಿನ ಹಲವು ಕಂಪನಿಗಳೂ ಅದನ್ನು ತಯಾರಿಸುತ್ತವೆ, ಬೆಲೆ ಕೆಲವೇ ರೂಪಾಯಿ. ಇದನ್ನು ಹಳತೆಂದು ತಳ್ಳಿಹಾಕುವವರೂ ಇದ್ದಾರೆ, ಎಲ್ಲದಕ್ಕೂ ಇದೇ ಸಾಕೆನ್ನುವವರೂ ಇದ್ದಾರೆ. ಇಬ್ಬರ ಮಾತೂ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಮೊದಲು ಪಂಪಿನ ಪ್ಯಾನೆಲ್ ತೆಗೆದುಕೊಳ್ಳೋಣ. 5 ಎಚ್‌ಪಿ ಮೋಟಾರು ಸುಮಾರು ಏಳೂವರೆ ಆ್ಯಂಪಿಯರ್ ಎಳೆಯುತ್ತದೆ. ಕರೆಂಟನ್ನು ಸಾವಿರದ ಒಂದು ಭಾಗಕ್ಕೆ ಇಳಿಸುವ ಸಿ.ಟಿ. (ಕರೆಂಟ್ ಟ್ರಾನ್ಸ್‌ಫಾರ್ಮರ್) ಹಾಕಿ 100 ಓಮ್ ರೆಸಿಸ್ಟರಿನ ಮೇಲೆ ಅಳೆದರೆ ಮುಕ್ಕಾಲು ವೋಲ್ಟ್, ಅಂದರೆ 750 ಮಿಲಿವೋಲ್ಟ್ ಸಿಗುತ್ತದೆ. ಎಲ್‌ಎಂ358ರ ಆಫ್‌ಸೆಟ್ ದೋಷ (ಸಿಗ್ನಲ್ ಇಲ್ಲದಾಗಲೂ ಇರುವಂತೆ ತೋರುವ ವೋಲ್ಟೇಜು) ಹೆಚ್ಚೆಂದರೆ 7 ಮಿಲಿವೋಲ್ಟ್. ಅದು ಈ ಅಳತೆಯ ನೂರಕ್ಕೆ ಒಂದರಷ್ಟೂ ಆಗುವುದಿಲ್ಲ. ಬಾವಿಯಲ್ಲಿ ನೀರು ಬತ್ತಿ ಪಂಪು ಒಣಗಿ ಓಡುವಾಗ ಕರೆಂಟಿನಲ್ಲಿ ಆಗುವ ಇಳಿಕೆ ಈ ದೋಷದ ಹತ್ತಾರು ಪಟ್ಟು ಇರುವುದರಿಂದ ಡ್ರೈ ರನ್ ಗುರುತಿಸುವ ಕೆಲಸಕ್ಕೆ ಈ ಐಸಿ ಧಾರಾಳವಾಗಿ ಸಾಕು. ಇಲ್ಲಿ ದುಬಾರಿ ಓಪ್‌ಆ್ಯಂಪ್ ಹಾಕುವುದು ಹಣದ ಪೋಲು, ಜೊತೆಗೆ ಮಾಲು ಸಿಗದ ಅಪಾಯವನ್ನು ತಾನಾಗಿ ತಂದುಕೊಂಡಂತೆ.

ಈಗ ತೂಕದ ಯಂತ್ರಕ್ಕೆ ಬರೋಣ. ಸಾಮಾನ್ಯ ಲೋಡ್‌ಸೆಲ್ (ಭಾರವನ್ನು ವೋಲ್ಟೇಜಾಗಿ ಬದಲಿಸುವ ಸೆನ್ಸರ್) ಪ್ರತಿ ವೋಲ್ಟಿಗೆ 2 ಮಿಲಿವೋಲ್ಟ್ ಕೊಡುತ್ತದೆ. 5 ವೋಲ್ಟ್ ಕೊಟ್ಟರೆ ಪೂರ್ತಿ ಭಾರಕ್ಕೆ ಸಿಗುವುದು 10 ಮಿಲಿವೋಲ್ಟ್ ಮಾತ್ರ. 300 ಕಿಲೋ ಸಾಮರ್ಥ್ಯದ, 100 ಗ್ರಾಂ ಹೆಜ್ಜೆಯ (ಯಂತ್ರ ತೋರಿಸುವ ಅತಿ ಸಣ್ಣ ವ್ಯತ್ಯಾಸದ) ಪ್ಲಾಟ್‌ಫಾರ್ಮ್ ಯಂತ್ರದಲ್ಲಿ ಒಟ್ಟು 3,000 ಹೆಜ್ಜೆ. ಒಂದು ಹೆಜ್ಜೆಗೆ ಸುಮಾರು 3.3 ಮೈಕ್ರೋವೋಲ್ಟ್. ಎಲ್‌ಎಂ358ರ ಆಫ್‌ಸೆಟ್ ಪ್ರತಿ ಡಿಗ್ರಿ ಸೆಲ್ಸಿಯಸಿಗೆ ಸಾಮಾನ್ಯವಾಗಿ 7 ಮೈಕ್ರೋವೋಲ್ಟ್ ಸರಿಯುತ್ತದೆ. ಬೆಳಿಗ್ಗೆ 25 ಡಿಗ್ರಿ ಇದ್ದ ಪೆಟ್ಟಿಗೆ ವಿಜಯಪುರದ ಏಪ್ರಿಲ್ ಮಧ್ಯಾಹ್ನ 45ಕ್ಕೆ ಏರಿದರೆ ಸರಿದ ದೋಷ 140 ಮೈಕ್ರೋವೋಲ್ಟ್, ಅಂದರೆ 42 ಹೆಜ್ಜೆ, ಅಂದರೆ ನಾಲ್ಕು ಕಿಲೋಗೂ ಮೇಲೆ. ತಟ್ಟೆ ಖಾಲಿ ಇದ್ದಾಗ ಸಾಫ್ಟ್‌ವೇರ್ ತಾನಾಗಿ ಸೊನ್ನೆ ತೋರಿಸಿ ಇದನ್ನು ಮುಚ್ಚಿಡಬಹುದು. ಮೂಟೆಗಳು ಮೇಲಿರುವಾಗಲೇ ಬಿಸಿಲೇರಿದರೆ ಮುಚ್ಚಿಡುವಂತಿಲ್ಲ. ರೈತನ ಬೆಲ್ಲದ ಹಣ ನಿರ್ಧಾರವಾಗುವ ಜಾಗದಲ್ಲಿ ಇಂಥ ದೋಷವನ್ನು ಒಪ್ಪಿಕೊಳ್ಳುವುದು ಅನ್ಯಾಯ ಎಂದೇ ನಾನು ಹೇಳುತ್ತೇನೆ.

ಇವೆರಡರ ನಡುವೆ ಮೂರು ದರ್ಜೆಗಳಿವೆ. ಎಲ್‌ಎಂ358ಬಿ ಎಂಬ ಹೊಸ ಆವೃತ್ತಿ ಅದೇ ಪಿನ್‌ಗಳಲ್ಲಿ ಕೂರುತ್ತದೆ, 36 ವೋಲ್ಟ್ ತಡೆಯುತ್ತದೆ, ಆಫ್‌ಸೆಟ್ 3 ಮಿಲಿವೋಲ್ಟಿಗೆ ಇಳಿದಿದೆ. ಫೋನಿನಿಂದ ಪಂಪು ಚಾಲೂ ಮಾಡುವ ಮೊಬೈಲ್ ಸ್ಟಾರ್ಟರ್‌ಗಳಲ್ಲಿ ಜಿಎಸ್‌ಎಂ ಮಾಡ್ಯೂಲಿನ ಪಕ್ಕದಲ್ಲೇ ಓಪ್‌ಆ್ಯಂಪ್ ಇರುವಾಗ ಇದರೊಳಗಿನ ಇಎಂಐ ಫಿಲ್ಟರ್ (ರೇಡಿಯೋ ಅಡಚಣೆ ತಡೆಯುವ ಭಾಗ) ಬಹಳ ಉಪಕಾರಿ. ಎರಡನೆಯದು ರೈಲ್ ಟು ರೈಲ್ (ಔಟ್‌ಪುಟ್ ಸಪ್ಲೈ ವೋಲ್ಟೇಜಿನ ತುದಿಯವರೆಗೂ ಹೋಗಬಲ್ಲ) ಬಗೆಯದು, ಮೈಕ್ರೋಚಿಪ್‌ನ ಎಂಸಿಪಿ6002ನಂಥದ್ದು. ಎಲ್‌ಎಂ358ರ ಔಟ್‌ಪುಟ್ ಸಪ್ಲೈಗಿಂತ ಸುಮಾರು ಒಂದೂವರೆ ವೋಲ್ಟ್ ಕೆಳಗೇ ನಿಲ್ಲುವುದರಿಂದ 3.3 ವೋಲ್ಟ್‌ನಲ್ಲಿ ಓಡುವ ಬೋರ್ಡಿನಲ್ಲಿ ಎಡಿಸಿಯ ಅರ್ಧದಷ್ಟು ವ್ಯಾಪ್ತಿ ವ್ಯರ್ಥವಾಗುತ್ತದೆ. ಎಂಸಿಪಿ6002ಕ್ಕೆ ಆ ತೊಂದರೆ ಇಲ್ಲ, ಆದರೆ ಅದು 6 ವೋಲ್ಟ್ ದಾಟುವಂತಿಲ್ಲ. ಮೂರನೆಯದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಓಪಿಎ2333ನಂಥ ಝೀರೋ ಡ್ರಿಫ್ಟ್, ಅಂದರೆ ಬಿಸಿಗೆ ಆಫ್‌ಸೆಟ್ ಬಹುತೇಕ ಸರಿಯದ, ಓಪ್‌ಆ್ಯಂಪ್. ಇದರ ಸರಿತ ಪ್ರತಿ ಡಿಗ್ರಿಗೆ ಹೆಚ್ಚೆಂದರೆ 0.05 ಮೈಕ್ರೋವೋಲ್ಟ್, ಮೇಲಿನ ಲೆಕ್ಕದಲ್ಲಿ 20 ಡಿಗ್ರಿಗೆ ಒಂದು ಮೈಕ್ರೋವೋಲ್ಟ್, ಹೆಜ್ಜೆಯ ಮೂರನೇ ಒಂದು ಭಾಗಕ್ಕೂ ಕಡಿಮೆ. ಪಿನ್ ಜೋಡಣೆ ಎಲ್‌ಎಂ358ರದ್ದೇ ಆದ್ದರಿಂದ ಅದರ ಜಾಗದಲ್ಲಿ ಸಲೀಸಾಗಿ ಕೂರುತ್ತದೆ, ಇಲ್ಲಿಯೇ ಎಚ್ಚರ ಬೇಕು: ಈ ಐಸಿಯ ಮಿತಿ 5.5 ವೋಲ್ಟ್. 12 ವೋಲ್ಟ್ ಸಪ್ಲೈ ಇರುವ ಬೋರ್ಡಿನಲ್ಲಿ ಕೂರಿಸಿ ಸ್ವಿಚ್ ಹಾಕಿದರೆ ಅದು ಸುಟ್ಟೇಹೋಗುತ್ತದೆ. ಪಿನ್‌ಗಳು ಹೊಂದಿಕೊಂಡ ಮಾತ್ರಕ್ಕೆ ಬದಲಿ ಆಗುವುದಿಲ್ಲ, ಡೇಟಾಶೀಟಿನ (ಕಂಪನಿಯ ತಾಂತ್ರಿಕ ಮಾಹಿತಿಪತ್ರದ) ಗರಿಷ್ಠ ಮಿತಿಯ ಕೋಷ್ಟಕವನ್ನು ಮೊದಲು ಓದಬೇಕು.

ತೂಕದ ಯಂತ್ರದ ಎಡಿಸಿ

ವಾಸ್ತವದಲ್ಲಿ ಇಂದು ತೂಕದ ಯಂತ್ರ ಮಾಡುವವರು ಓಪ್‌ಆ್ಯಂಪ್ ಬಿಟ್ಟು, ಲೋಡ್‌ಸೆಲ್‌ಗೆಂದೇ ಮಾಡಿದ 24 ಬಿಟ್ ಎಡಿಸಿಯನ್ನು ನೇರವಾಗಿ ಜೋಡಿಸುತ್ತಾರೆ. ಪೈಪೋಟಿ ಇರುವುದು ಮುಖ್ಯವಾಗಿ ಚೀನಾದ ಅವಿಯಾ ಕಂಪನಿಯ ಎಚ್‌ಎಕ್ಸ್711 ಮತ್ತು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಡಿಎಸ್1232ರ ನಡುವೆ. ಎರಡಕ್ಕೂ 128 ಪಟ್ಟು ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಇದೆ, ಎರಡೂ ಸೆಕೆಂಡಿಗೆ 10 ಅಥವಾ 80 ಬಾರಿ ಅಳೆಯುತ್ತವೆ. ಡೇಟಾಶೀಟಿನ ಪ್ರಕಾರ ಎಚ್‌ಎಕ್ಸ್711ರ ನಾಯ್ಸ್ (ಅಳತೆಯಲ್ಲಿ ತಾನಾಗಿ ಆಗುವ ಏರುಪೇರು) ಸುಮಾರು 50 ನ್ಯಾನೋವೋಲ್ಟ್, ಎಡಿಎಸ್1232ದು ಸುಮಾರು 17. ನಮ್ಮ ಹೆಜ್ಜೆ 3,300 ನ್ಯಾನೋವೋಲ್ಟ್ ಇರುವಾಗ ಎರಡೂ ಸಾಲುತ್ತವೆ. ಹಾಗಿದ್ದ ಮೇಲೆ ಹಲವು ಪಟ್ಟು ಬೆಲೆಯ ಎರಡನೆಯದು ಯಾಕೆ?

3,000 ಹೆಜ್ಜೆಯ ಸಾಮಾನ್ಯ ಯಂತ್ರಕ್ಕೆ ಬೇಕಿಲ್ಲ, ಒಂದು ಷರತ್ತಿನೊಂದಿಗೆ: ಎಚ್‌ಎಕ್ಸ್711 ಅಸಲಿಯಾಗಿರಬೇಕು. ಪೇಟೆಯಲ್ಲಿ ಇದರ ನಕಲು ಮತ್ತು ತದ್ರೂಪು ಐಸಿಗಳು ಬಹಳ. ಒಂದು ಕಂತಿನ ಮಾಲು ಚೆನ್ನಾಗಿ ನಡೆದು ಮುಂದಿನ ಕಂತಿನದ್ದು ಬಿಸಿಗೆ ಸರಿಯತೊಡಗಿದರೆ ದೋಷ ಲೋಡ್‌ಸೆಲ್‌ನದೋ ಐಸಿಯದೋ ತಿಳಿಯದೆ ದಿನಗಳು ಹೋಗುತ್ತವೆ. ವಿದ್ಯಾರ್ಥಿಗಳ ಪ್ರಾಜೆಕ್ಟಿಗೆಂದು ಮಾರುವ ಹಸಿರು ಮಾಡ್ಯೂಲನ್ನು ಮಾರಾಟದ ಯಂತ್ರಕ್ಕೆ ಹಾಕಬಾರದು. ಬಿಡಿ ಐಸಿಯನ್ನು ಗುರುತಿರುವ ವಿತರಕರಿಂದ ತರಿಸಿ, ಪ್ರತಿ ಕಂತಿನಿಂದ ಐದಾರನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟು ಸೊನ್ನೆ ಎಷ್ಟು ಸರಿಯುತ್ತದೆಂದು ನೋಡಬೇಕು. ಬಂಗಾರದ ಅಂಗಡಿಯ ಯಂತ್ರ, ಪ್ರಯೋಗಾಲಯದ ತಕ್ಕಡಿ, ಅಥವಾ ನಾಲ್ಕಾರು ಲೋಡ್‌ಸೆಲ್ ಸೇರಿ ಸಿಗ್ನಲ್ ಇನ್ನೂ ಚಿಕ್ಕದಾಗುವ ದೊಡ್ಡ ತೂಕದ ಸೇತುವೆಗಳಿಗೆ ಎಡಿಎಸ್1232ರ ವರ್ಗದ್ದನ್ನೇ ಹಾಕಬೇಕು, ಅಲ್ಲಿ ಉಳಿಸುವ ಹಣ ಯಂತ್ರದ ಬೆಲೆಯ ಮುಂದೆ ಏನೂ ಅಲ್ಲ.

ಇವೆರಡೂ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಒಂದಕ್ಕೆ 16 ಪಿನ್, ಇನ್ನೊಂದಕ್ಕೆ 24. ತೂಕದ ಯಂತ್ರದ ಮಾದರಿಗೆ ಕಾನೂನುಮಾಪನ ನಿಯಮದಂತೆ ಅನುಮೋದನೆ ಬೇಕಿರುವುದರಿಂದ ಅಳತೆಯ ಮೂಲ ಭಾಗವನ್ನು ನಡುವೆ ಬದಲಿಸುವುದು ಸುಲಭವೂ ಅಲ್ಲ. ಆದ್ದರಿಂದ ಇದು ನಿಜವಾದ ಅರ್ಥದಲ್ಲಿ ಬದಲಿ ಒಪ್ಪದ ಜಾಗ, ಆಯ್ಕೆಯನ್ನು ಮೊದಲ ದಿನವೇ ಗಟ್ಟಿ ಮಾಡಿಕೊಳ್ಳಬೇಕು.

ರೆಗ್ಯುಲೇಟರ್: ಬಿಸಿಯ ಲೆಕ್ಕ

ಪ್ಯಾನೆಲ್‌ನಲ್ಲಿ ಸಾಮಾನ್ಯವಾಗಿ 12 ವೋಲ್ಟ್ ಎಸಿ ಟ್ರಾನ್ಸ್‌ಫಾರ್ಮರ್, ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್, ಕೆಪಾಸಿಟರ್, ಮುಂದೆ 5 ವೋಲ್ಟಿನ ರೆಗ್ಯುಲೇಟರ್ ಇರುತ್ತವೆ. ಬ್ರಿಡ್ಜ್ ದಾಟಿದ ಮೇಲೆ ಸಿಗುವುದು 12 ವೋಲ್ಟ್ ಅಲ್ಲ, ಸುಮಾರು 15.6. ಹಳ್ಳಿಯ ಲೈನಿನಲ್ಲಿ ರಾತ್ರಿ ಲೋಡು ಕಡಿಮೆಯಾಗಿ ವೋಲ್ಟೇಜು ಏರಿದರೆ 18ಕ್ಕೂ ಹೋಗುತ್ತದೆ. ಬೆಲೆ ಕಡಿಮೆ, ಗಾತ್ರ ಚಿಕ್ಕದು ಎಂದು ಇಲ್ಲಿ ಎಎಂಎಸ್1117 ರೆಗ್ಯುಲೇಟರ್ ಹಾಕಿದ ಬೋರ್ಡುಗಳನ್ನು ನೋಡಿದ್ದೇನೆ. ಅದರ ಗರಿಷ್ಠ ಇನ್‌ಪುಟ್ 15 ವೋಲ್ಟ್. ಮೇಜಿನ ಮೇಲಿನ ಪರೀಕ್ಷೆಯಲ್ಲಿ ಬದುಕಿ ಹೊಲದಲ್ಲಿ ಸಾಯುವುದು ಈ ಕಾರಣಕ್ಕೆ. 7805 ಎಂಬ ರೆಗ್ಯುಲೇಟರ್ ಹಾಗಲ್ಲ, 35 ವೋಲ್ಟ್‌ವರೆಗೆ ತಡೆಯುತ್ತದೆ.

ಆದರೆ 7805ಕ್ಕೂ ತನ್ನ ಮಿತಿ ಉಂಟು. 15.6 ವೋಲ್ಟಿನಿಂದ 5ಕ್ಕೆ ಇಳಿಸುವಾಗ ಉಳಿದ 10.6 ವೋಲ್ಟ್ ಪೂರ್ತಿ ಬಿಸಿಯಾಗಿಯೇ ಹೋಗಬೇಕು. ಬೋರ್ಡು 200 ಮಿಲಿಆ್ಯಂಪಿಯರ್ ಎಳೆದರೆ ಅದು 2.1 ವ್ಯಾಟ್. ಹೀಟ್‌ಸಿಂಕ್ ಇಲ್ಲದ ಟಿಒ 220 ಪ್ಯಾಕೇಜು (7805ರ ಮೂರು ಕಾಲಿನ ಹೊರಕವಚ) ಪ್ರತಿ ವ್ಯಾಟಿಗೆ 50 ಡಿಗ್ರಿಯಾದರೂ ಏರುತ್ತದೆ, ಅಂದರೆ 105 ಡಿಗ್ರಿ ಏರಿಕೆ. ಬಿಸಿಲಿನಲ್ಲಿ ನಿಂತ ಕಬ್ಬಿಣದ ಪ್ಯಾನೆಲ್‌ನ ಒಳಗೆ 50 ಡಿಗ್ರಿ ಇದ್ದರೆ ಚಿಪ್‌ನ ತಾಪ 155ಕ್ಕೆ ಮುಟ್ಟಿ ಅದು ತಾನಾಗಿ ಬಂದ್ ಆಗುತ್ತದೆ. ತಣ್ಣಗಾದ ಮೇಲೆ ಮತ್ತೆ ಚಾಲೂ ಆಗುತ್ತದೆ. ಮಧ್ಯಾಹ್ನ ಮಾತ್ರ ಪಂಪು ಕೈಕೊಡುತ್ತದೆ, ಮೆಕ್ಯಾನಿಕ್ ಸಂಜೆ ಬಂದು ನೋಡಿದರೆ ಎಲ್ಲ ಸರಿಯಿದೆ ಎಂಬ ದೂರಿನ ಹಿಂದೆ ಈ ಲೆಕ್ಕ ಇರುವ ಸಾಧ್ಯತೆ ಹೆಚ್ಚು. ಅದೇ ಬೋರ್ಡು 60 ಮಿಲಿಆ್ಯಂಪಿಯರ್ ಮಾತ್ರ ಎಳೆದರೆ ಏರಿಕೆ ಸುಮಾರು 32 ಡಿಗ್ರಿ, ಯಾವ ಚಿಂತೆಯೂ ಇಲ್ಲ. ಹಾಗಾಗಿ ರಿಲೇ ಕಾಯಿಲನ್ನು 12 ವೋಲ್ಟಿನ ಕಡೆಯೇ ಇಟ್ಟು, 5 ವೋಲ್ಟಿನ ಮೇಲೆ ಮೈಕ್ರೋಕಂಟ್ರೋಲರ್ ಮತ್ತು ಒಂದೆರಡು ಎಲ್‌ಇಡಿ ಮಾತ್ರ ಇರುವ ಬೋರ್ಡಿಗೆ 7805 ಉತ್ತಮ. ಡಿಸ್‌ಪ್ಲೇ, ಜಿಎಸ್‌ಎಂ ಸೇರಿದ ಕೂಡಲೇ ಬಕ್ ರೆಗ್ಯುಲೇಟರಿಗೆ (ವೇಗವಾಗಿ ಸ್ವಿಚ್ ಮಾಡುತ್ತ ಕಡಿಮೆ ಬಿಸಿಯಲ್ಲಿ ವೋಲ್ಟೇಜು ಇಳಿಸುವ ಬಗೆಗೆ) ಹೋಗಬೇಕು.

ಬಕ್‌ಗಳಲ್ಲಿ ಎಲ್‌ಎಂ2596 ನಮ್ಮವರಿಗೆ ಪರಿಚಿತ. 40 ವೋಲ್ಟ್ ಇನ್‌ಪುಟ್, 3 ಆ್ಯಂಪಿಯರ್, 150 ಕಿಲೋಹರ್ಟ್ಸ್. ಹಲವು ಕಂಪನಿಗಳು ತಯಾರಿಸುತ್ತವೆ. ಹೊಸ ಪೀಳಿಗೆಯ ಬಕ್‌ಗಳು ಹತ್ತು ಪಟ್ಟು ಹೆಚ್ಚು ಆವರ್ತನದಲ್ಲಿ ಓಡುವುದರಿಂದ ಕಾಯಿಲು, ಕೆಪಾಸಿಟರ್ ಚಿಕ್ಕದಾಗುತ್ತವೆ, ದಕ್ಷತೆಯೂ ಹೆಚ್ಚು. ಆದರೆ ಅವುಗಳ ಪಿನ್ ಜೋಡಣೆ ಕಂಪನಿಗೊಂದು ರೀತಿ, ಬೋರ್ಡಿನ ತಾಮ್ರದ ಹಾದಿಗಳನ್ನು ಎಳೆಯುವುದರಲ್ಲೂ ಕೈ ಪಳಗಿರಬೇಕು. ಪ್ಯಾನೆಲ್‌ನಲ್ಲಿ ಜಾಗಕ್ಕೇನೂ ಬರವಿಲ್ಲದಿರುವಾಗ ದೊಡ್ಡದಾದರೂ ಎಲ್ಲೆಡೆ ಸಿಗುವ ಎಲ್‌ಎಂ2596ನ್ನು ಬಿಡಲು ನನಗೆ ಕಾರಣ ಕಾಣುವುದಿಲ್ಲ. ತೂಕದ ಯಂತ್ರದಲ್ಲಿ ಮಾತ್ರ ಬಕ್‌ನ ನಂತರ ಒಂದು ಲೀನಿಯರ್ (ಸ್ವಿಚ್ ಮಾಡದೆ ಇಳಿಸುವ) ರೆಗ್ಯುಲೇಟರ್ ಇಟ್ಟು ಎಡಿಸಿಗೆ ಶುದ್ಧ ಸಪ್ಲೈ ಕೊಡಬೇಕು.

ಬ್ಯಾಟರಿಯ ಮೇಲೆ ನಡೆಯುವ ಸಾಧನಗಳಲ್ಲಿ, ದ್ರಾಕ್ಷಿ ತೋಟದ ತೇವಾಂಶ ಸೂಚಕದಂಥವುಗಳಲ್ಲಿ, ನೋಡಬೇಕಾದದ್ದು ರೆಗ್ಯುಲೇಟರ್ ಸುಮ್ಮನಿದ್ದಾಗ ತಾನೇ ಕುಡಿಯುವ ಕರೆಂಟು. 7805 ಮತ್ತು ಎಎಂಎಸ್1117 ಎರಡೂ ಸುಮಾರು 5 ಮಿಲಿಆ್ಯಂಪಿಯರ್ ತಿನ್ನುತ್ತವೆ. 2,000 ಮಿಲಿಆ್ಯಂಪಿಯರ್ ಅವರ್‌ನ ಬ್ಯಾಟರಿ ಏನೂ ಕೆಲಸ ಮಾಡದೆಯೇ ಹದಿನೇಳು ದಿನಗಳೊಳಗೆ ಬರಿದಾಗುತ್ತದೆ. ಎಂಸಿಪಿ1700 ತಿನ್ನುವುದು 1.6 ಮೈಕ್ರೋಆ್ಯಂಪಿಯರ್. ಈ ಬಗೆಯ ಮೂರು ಕಾಲಿನ ಪುಟ್ಟ ರೆಗ್ಯುಲೇಟರ್‌ಗಳನ್ನು ಹೋಲ್ಟೆಕ್ ಮೊದಲಾದವರೂ ಮಾಡುತ್ತಾರೆ, ಕಾಲುಗಳ ಕ್ರಮ ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತದೆ.

ಯಾವ ದೇಶದ್ದು

ಬದಲಿ ಒಪ್ಪುವ ಜಾಗಗಳಿಗೆ ಚೀನಾದ ಹೆಸರುಳ್ಳ ಕಂಪನಿಗಳ ಮಾಲು, ಉದಾಹರಣೆಗೆ 3ಪೀಕ್ ಅಥವಾ ಎಸ್‌ಜಿ ಮೈಕ್ರೋ, ಇಂದು ನಂಬಿಕೆಗೆ ಅರ್ಹವಾಗಿದೆ. ಇವರ ಡೇಟಾಶೀಟುಗಳು ಇಂಗ್ಲಿಷಿನಲ್ಲಿ ಪೂರ್ಣವಾಗಿವೆ, ಗುಣವೂ ಒಂದೇ ಮಟ್ಟದಲ್ಲಿದೆ. ಹೆಸರೇ ಇಲ್ಲದ, ಎರಡು ಪುಟದ ಡೇಟಾಶೀಟಿನ ಮಾಲನ್ನು ಇವುಗಳ ಸಾಲಿನಲ್ಲಿ ಇಡಬಾರದು. ಬದಲಿ ಒಪ್ಪದ ಜಾಗದಲ್ಲಿ ನಾನು ಇನ್ನೂ ಅಮೆರಿಕ, ಯುರೋಪು, ಜಪಾನಿನ ಕಂಪನಿಗಳ ಕಡೆಗೇ ವಾಲುತ್ತೇನೆ, ಹತ್ತು ಹದಿನೈದು ವರ್ಷ ಅದೇ ಐಸಿ ಸಿಗುವ ಸಂಭವ ಅಲ್ಲಿ ಹೆಚ್ಚು.

ಆದರೆ ಯಾವ ದೇಶವೂ ಪೂರ್ತಿ ಸುರಕ್ಷಿತವಲ್ಲ ಎಂಬುದನ್ನು 2025ರ ನೆಕ್ಸ್‌ಪೀರಿಯಾ ಪ್ರಕರಣ ತೋರಿಸಿತು. ಕಂಪನಿ ನೆದರ್‌ಲ್ಯಾಂಡ್ಸ್‌ನದು, ಮಾಲೀಕತ್ವ ಚೀನಾದ ವಿಂಗ್‌ಟೆಕ್‌ನದು. ಸೆಪ್ಟೆಂಬರಿನಲ್ಲಿ ಡಚ್ ಸರ್ಕಾರ ಕಂಪನಿಯ ಮೇಲೆ ಹತೋಟಿ ಹಿಡಿಯಿತು, ಅಕ್ಟೋಬರಿನಲ್ಲಿ ಚೀನಾ ತನ್ನಲ್ಲಿನ ಕಾರ್ಖಾನೆಯಿಂದ ರಫ್ತು ತಡೆಯಿತು. ಟ್ರಾನ್ಸಿಸ್ಟರ್, ಡಯೋಡುಗಳಂಥ ಅತಿ ಸಾಮಾನ್ಯ ಬಿಡಿಭಾಗಗಳಿಗಾಗಿ ಜಗತ್ತಿನ ಕಾರು ತಯಾರಕರೇ ಪರದಾಡಿದರು. ಅದೇ ಟ್ರಾನ್ಸಿಸ್ಟರಿಗೆ ಇನ್ನೊಂದು ಕಂಪನಿಯ ಹೆಸರನ್ನು ತಮ್ಮ ಮಾಲಿನ ಪಟ್ಟಿಯಲ್ಲಿ ಮೊದಲೇ ಬರೆದಿಟ್ಟವರಿಗೆ ಪರ್ಯಾಯಕ್ಕಾಗಿ ಹುಡುಕಾಡುವ ಪ್ರಮೇಯ ಬರಲಿಲ್ಲ. ಇಂಥ ಬಿಡಿ ಟ್ರಾನ್ಸಿಸ್ಟರ್, ಡಯೋಡುಗಳಿಗೆ ಭಾರತದಲ್ಲೇ 1964ರಿಂದ ಇರುವ ಸಿಡಿಐಎಲ್ ಕಂಪನಿ ಒಂದು ಗಟ್ಟಿ ಎರಡನೇ ಹೆಸರು.

ಭಾರತದ ಹೊಸ ಯೋಜನೆಗಳ ಬಗ್ಗೆ ಹೆಮ್ಮೆ ಇರಲಿ, ಸದ್ಯದ ಖರೀದಿಯ ಲೆಕ್ಕದಲ್ಲಿ ಅವುಗಳನ್ನು ಸೇರಿಸುವ ಕಾಲ ಬಂದಿಲ್ಲ. ಧೋಲೇರಾದಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ತೈವಾನಿನ ಪಿಎಸ್‌ಎಂಸಿ ಜೊತೆ ಕಟ್ಟುತ್ತಿರುವ 91,000 ಕೋಟಿ ರೂಪಾಯಿಯ ಫ್ಯಾಬಿಗೆ ಕೇಂದ್ರ ಸಂಪುಟ 2024ರ ಫೆಬ್ರವರಿಯಲ್ಲಿ ಒಪ್ಪಿಗೆ ಕೊಟ್ಟಿತು. ವಿದ್ಯುತ್ ನಿರ್ವಹಣಾ ಐಸಿಗಳು ಅದರ ಉದ್ದೇಶಿತ ಉತ್ಪನ್ನಗಳಲ್ಲಿ ಸೇರಿವೆ. ಮೈಸೂರಿನ ಕೇನ್ಸ್ ಸೇರಿದಂತೆ ಕೆಲವರು ಗುಜರಾತಿನ ಸಾಣಂದದಲ್ಲಿ ಚಿಪ್ ಪ್ಯಾಕೇಜಿಂಗ್‌ಗೆ ಇಳಿದಿದ್ದಾರೆ. ವಿನ್ಯಾಸದಲ್ಲಂತೂ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಂದಿನಿಂದ ನಮ್ಮ ಎಂಜಿನಿಯರರ ಪಾಲು ದೊಡ್ಡದು.

ಎಲ್ಲಿಂದ ತರಬೇಕು

ಬೆಳಗಾವಿಯವರಿಗೆ ಮೂರು ದಾರಿಗಳಿವೆ: ಬೆಂಗಳೂರಿನ ಎಸ್.ಪಿ. ರಸ್ತೆ ಅಥವಾ ಮುಂಬೈನ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳು. ಮೌಸರ್, ಡಿಜಿಕೀ, ಎಲಿಮೆಂಟ್14ನಂಥ ಅಧಿಕೃತ ವಿತರಕರು ಮತ್ತು ಕಂಪನಿಗಳ ಸ್ವಂತ ಜಾಲತಾಣಗಳು. ಚೀನಾದ ಎಲ್‌ಸಿಎಸ್‌ಸಿಯಂಥ ಆನ್‌ಲೈನ್ ಮಳಿಗೆಗಳು. ಅಂಗಡಿಯಲ್ಲಿ ಮಾಲು ಅಂದೇ ಕೈಗೆ ಸಿಗುತ್ತದೆ, ಉದ್ದರಿಯೂ ಸಿಗಬಹುದು. ಅಧಿಕೃತ ವಿತರಕರಲ್ಲಿ ರೂಪಾಯಿಯಲ್ಲೇ ಕೊಳ್ಳಬಹುದು, ಜಿಎಸ್‌ಟಿ ಬಿಲ್ ಸರಿಯಾಗಿರುತ್ತದೆ, ತಯಾರಿಕೆಯ ದಿನಾಂಕದ ಕೋಡ್ ಗೊತ್ತಿರುತ್ತದೆ, ಬಿಡಿಯಾಗಿ ಕೊಂಡರೆ ಬೆಲೆ ಹೆಚ್ಚು. ಚೀನಾದ ಮಳಿಗೆಯಲ್ಲಿ ದರ ಕಡಿಮೆ, ಕಸ್ಟಮ್ಸ್ ಮತ್ತು ಸಾಗಣೆ ಸೇರಿಸಿದ ಮೇಲೆ ಸಣ್ಣ ಆರ್ಡರಿನಲ್ಲಿ ಆ ಲಾಭ ಕರಗುತ್ತದೆ.

ರೆಸಿಸ್ಟರ್, ಡಯೋಡು, ಎಲ್‌ಎಂ358, 7805ಗಳನ್ನು ಅಂಗಡಿಯಿಂದ ತರಬಹುದು, ಪರೀಕ್ಷಿಸಿ ತರಬೇಕು. ಎಲ್‌ಎಂ2596ರ ವಿಷಯದಲ್ಲಿ ಪರೀಕ್ಷೆ ಸುಲಭ. ಐಸಿಯ ಎರಡನೇ ಪಿನ್ನಿಗೆ ಆಸಿಲೋಸ್ಕೋಪಿನ ಪ್ರೋಬ್ ಹಿಡಿದು, ಅರ್ಧ ಆ್ಯಂಪಿಯರ್ ಲೋಡಿನಲ್ಲಿ ಚೌಕ ಅಲೆಯ ಆವರ್ತನ ನೋಡಬೇಕು. 150 ಕಿಲೋಹರ್ಟ್ಸ್‌ನ ಆಸುಪಾಸು ಇರಬೇಕಾದ ಜಾಗದಲ್ಲಿ 50ರ ಸುತ್ತ ಕಂಡರೆ, ಒಳಗಿರುವುದು ಹಳೆಯ ಎಲ್‌ಎಂ2576ರ ಬಗೆಯ ಚಿಪ್, ಮೇಲೆ ಮಾತ್ರ ಹೊಸ ಹೆಸರು ಮುದ್ರಿಸಿದ್ದಾರೆ ಎಂದರ್ಥ. ಅಂಥ ಐಸಿ ಔಟ್‌ಪುಟ್ ಸರಿಯಾಗಿಯೇ ಕೊಡುತ್ತದೆ, ಅದಕ್ಕೇ ಮಲ್ಟಿಮೀಟರಿನಲ್ಲಿ ಸಿಕ್ಕಿಬೀಳುವುದಿಲ್ಲ. ಆದರೆ 150ಕ್ಕೆ ಲೆಕ್ಕಹಾಕಿ ಹಾಕಿದ ಕಾಯಿಲಿನಲ್ಲಿ ರಿಪ್ಪಲ್ (ಏರಿಳಿಯುವ) ಕರೆಂಟು ಮೂರು ಪಟ್ಟಾಗಿ ಕಾಯಿಲು, ಕೆಪಾಸಿಟರ್ ಎರಡೂ ಬಿಸಿಯಾಗುತ್ತವೆ, ಕೆಲವೇ ತಿಂಗಳಲ್ಲಿ ಕೆಪಾಸಿಟರ್ ಉಬ್ಬುತ್ತದೆ. ಐಸಿಯ ಮೇಲ್ಮೈಯನ್ನು ಅಸಿಟೋನ್ ಹಚ್ಚಿದ ಹತ್ತಿಯಿಂದ ಉಜ್ಜಿದಾಗ ಕಪ್ಪು ಬಣ್ಣ ಬಿಟ್ಟುಬಂದರೆ ಅದೂ ಮರುಮುದ್ರಣದ ಗುರುತು.

ಎಡಿಸಿ, ಝೀರೋ ಡ್ರಿಫ್ಟ್ ಓಪ್‌ಆ್ಯಂಪ್, ವೋಲ್ಟೇಜ್ ರೆಫರೆನ್ಸ್ (ಅಳತೆಗೆ ಆಧಾರವಾದ ನಿಖರ ವೋಲ್ಟೇಜು ಕೊಡುವ ಐಸಿ) ಇವುಗಳನ್ನು ಅಂಗಡಿಯಲ್ಲಿ ಕೊಳ್ಳಲೇಬಾರದು. ಇವುಗಳ ದೋಷ ಬಿಸಿಯಲ್ಲಿ, ಕಾಲಾಂತರದಲ್ಲಿ ಕಾಣಿಸಿಕೊಳ್ಳುವಂಥದ್ದು, ಕೌಂಟರಿನ ಮೇಲೆ ಪರೀಕ್ಷಿಸಲಾಗುವುದಿಲ್ಲ.

ಪ್ಯಾಕೇಜು ಮತ್ತು ದಾಸ್ತಾನು

ಕೈಯಿಂದ ಬೆಸುಗೆ ಹಾಕುವ ಘಟಕಗಳು ಇನ್ನೂ ಡಿಐಪಿ (ಬೋರ್ಡಿನ ರಂಧ್ರಗಳಲ್ಲಿ ಕಾಲೂರುವ) ಐಸಿಗಳನ್ನೇ ನೆಚ್ಚಿಕೊಂಡಿವೆ. ಅವು ದಿನೇದಿನೇ ಕಡಿಮೆಯಾಗುತ್ತಿವೆ, ಸಿಕ್ಕರೂ ಬೋರ್ಡಿನ ಮೇಲ್ಮೈಗೇ ಬೆಸುಗೆಯಾಗುವ ಎಸ್‌ಒಐಸಿಗಿಂತ ದುಬಾರಿ. ಹೊಸ ಐಸಿಗಳು ಡಿಐಪಿಯಲ್ಲಿ ಬರುವುದೇ ಅಪರೂಪ. ತಳದಲ್ಲಿ ಪ್ಯಾಡ್ ಇರುವ ಕ್ಯೂಎಫ್‌ಎನ್ ಪ್ಯಾಕೇಜಿಗೆ ಸ್ಟೆನ್ಸಿಲ್ (ಬೆಸುಗೆ ಪೇಸ್ಟ್ ಹಚ್ಚುವ ಅಚ್ಚು) ಮತ್ತು ರಿಫ್ಲೋ ಓವನ್ (ಇಡೀ ಬೋರ್ಡನ್ನು ಬಿಸಿಮಾಡಿ ಬೆಸೆಯುವ ಒಲೆ) ಬೇಕು. ಇವೆರಡರ ನಡುವಿನ ಎಸ್‌ಒಐಸಿ 8 ಕೈಬೆಸುಗೆಗೂ ಒಗ್ಗುತ್ತದೆ, ಎರಡನೇ ಕಂಪನಿಯ ಮಾಲೂ ಅದೇ ಅಳತೆಯಲ್ಲಿ ಸಿಗುತ್ತದೆ. ಹೊಸ ಬೋರ್ಡಿಗೆ ಇದನ್ನೇ ಹಿಡಿಯುವುದು ಒಳ್ಳೆಯದು.

ಸಾಮಾನ್ಯ ಐಸಿಗಳ ದರ ಕಡಿಮೆ ಇದೆಯೆಂದು ಎರಡು ವರ್ಷಕ್ಕಾಗುವಷ್ಟು ತುಂಬಿಡುವ ಅಗತ್ಯವಿಲ್ಲ, ಅವು ಸಿಗುತ್ತಲೇ ಇರುತ್ತವೆ. ದುಡಿಯುವ ಬಂಡವಾಳವನ್ನು ಬದಲಿ ಒಪ್ಪದ ಒಂದೆರಡು ಐಸಿಗಳ ಮೇಲೆ ಹೂಡುವುದು ಲೇಸು. ಕಬ್ಬು ಅರೆಯುವ ಹಂಗಾಮಿಗೆ ಬೇಕಾದ ತೂಕದ ಯಂತ್ರಗಳ ಎಡಿಸಿಯನ್ನು ಗಣೇಶ ಚೌತಿಗೆ ಮುಂಚೆಯೇ, ಬೇಸಿಗೆಯ ಪಂಪು ಪ್ಯಾನೆಲ್‌ಗಳ ಮಾಲನ್ನು ಸಂಕ್ರಾಂತಿಯ ಹೊತ್ತಿಗೇ ತರಿಸಿಕೊಂಡಿದ್ದರೆ ವಿತರಕರಲ್ಲಿ ಆರೆಂಟು ವಾರ ತಡವಾದರೂ ಕೆಲಸ ನಿಲ್ಲುವುದಿಲ್ಲ. ಚೌತಿಯ ಹೊತ್ತಿಗೆ ಬೆಳಗಾವಿಯಲ್ಲಿ ಮಳೆಗಾಲ ಇನ್ನೂ ಮುಗಿದಿರುವುದಿಲ್ಲ. ಐಸಿಯ ಚೀಲದ ಮೇಲೆ ಎಂಎಸ್‌ಎಲ್ 3 (ಐಸಿ ತೇವಕ್ಕೆ ಎಷ್ಟು ಸೂಕ್ಷ್ಮ ಎಂಬುದರ ದರ್ಜೆ) ಎಂದಿದ್ದರೆ, ಚೀಲ ಒಡೆದ ಮೇಲೆ 30 ಡಿಗ್ರಿ, ಶೇ. 60 ಆರ್ದ್ರತೆಯೊಳಗೆ 168 ಗಂಟೆಗಳಲ್ಲಿ ಆ ಐಸಿಗಳನ್ನು ರಿಫ್ಲೋ ಬೆಸುಗೆಗೆ ಕಳಿಸಬೇಕು. ಉಳಿದದ್ದನ್ನು ಸಿಲಿಕಾ ಜೆಲ್ ಮತ್ತು ಆರ್ದ್ರತೆಯ ಸೂಚಕ ಕಾರ್ಡಿನೊಂದಿಗೆ ಅಂದೇ ಮರಳಿ ಸೀಲ್ ಮಾಡಿ, ಚೀಲದ ಮೇಲೆ ಒಡೆದ ದಿನಾಂಕವನ್ನೂ ಉಳಿದ ಗಂಟೆಗಳನ್ನೂ ಬರೆದಿಡಬೇಕು.